ಹಳೇ ಮದ್ರಾಸ್ ರಸ್ತೆಯ ಉಬ್ಬಸ



ಮೂರು ಅಂಕಿಗಳಿಂದ ಶುರು ಮಾಡುತ್ತೇನೆ: 11.15, 19.34, 31.14. ಮೂರೂ ಶೇಕಡಾವಾರು, ಮೂರೂ ಬೆಂಗಳೂರಿನ ಶಾಲಾ ಮಕ್ಕಳ ಲೆಕ್ಕ. ಹಲಸೂರು ಕೆರೆಯ ಹತ್ತಿರವೇ ಇರುವ ಲೇಕ್‌ಸೈಡ್ ಆಸ್ಪತ್ರೆಯ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ನಗರದ 12 ಶಾಲೆಗಳಲ್ಲಿ 6ರಿಂದ 15 ವರ್ಷದ 6,550 ಮಕ್ಕಳನ್ನು ಪರಿಶೀಲಿಸಿ, 2002ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಪೀಡಿಯಾಟ್ರಿಕ್ಸ್’ನಲ್ಲಿ ಪ್ರಕಟಿಸಿದ ಲೆಕ್ಕ ಇದು. ವಾಹನ ಕಡಿಮೆ ಓಡಾಡುವ ಕಡೆಯ ಶಾಲೆಗಳಲ್ಲಿ ನೂರಕ್ಕೆ ಹನ್ನೊಂದು ಮಕ್ಕಳಿಗೆ ಅಸ್ತಮಾ. ವಾಹನ ದಟ್ಟಣೆಯ ಕಡೆಯ ಶಾಲೆಗಳಲ್ಲಿ ಹತ್ತೊಂಬತ್ತು. ಅಂಥದೇ ದಟ್ಟಣೆ, ಆದರೆ ಬಡವರ ಮನೆಯ ಮಕ್ಕಳು ಓದುವ ಶಾಲೆ ಅಂದರೆ ಮೂವತ್ತೊಂದು. ಹಳ್ಳಿ ಕಡೆಗೂ ಹೋಗಿ ನೋಡಿದಾಗ ಸಿಕ್ಕಿದ್ದು 5.7.

ಹನ್ನೊಂದು ಹತ್ತೊಂಬತ್ತಾದದ್ದು ರಸ್ತೆಯಿಂದ, ಹತ್ತೊಂಬತ್ತು ಮೂವತ್ತೊಂದಾದದ್ದು ಬಡತನದಿಂದ. ಸಂಖ್ಯಾಶಾಸ್ತ್ರದವರು ಇಷ್ಟು ಒರಟಾಗಿ ಗೆರೆ ಎಳೆಯಲು ಒಪ್ಪುವುದಿಲ್ಲ, ಒಪ್ಪಲೂಬಾರದು. ಬಡತನದ ಒಳಗೂ ರಸ್ತೆ ಇದೆ. ಬಡವರ ಮನೆಯೇ ರಸ್ತೆಗೆ ಅಂಟಿಕೊಂಡಿರುತ್ತದೆ, ಬಡವರ ಕೆಲಸವೂ ರಸ್ತೆಯಲ್ಲೇ. ಆದರೆ ಇವತ್ತಿನ ಮಾತಿಗೆ ಈ ಒರಟು ಗೆರೆ ಸಾಕು. ಅಸ್ತಮಾದ ವಿಷಯ ಬಂದಾಗಲೆಲ್ಲ ನಾವು ವೈದ್ಯರು ‘ಸ್ವಯಂ ನಿರ್ವಹಣೆ’ ಎನ್ನುತ್ತೇವೆ. ರೋಗಿ ತನ್ನ ಕಾಯಿಲೆಯನ್ನು ತಾನೇ ಅರಿತು, ಔಷಧವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಂಡು, ಯಾವಾಗ ಆಸ್ಪತ್ರೆಗೆ ಓಡಬೇಕು ಎಂದು ತಾನೇ ನಿರ್ಧರಿಸುವುದು. ಮಾತು ಸರಿಯೇ. ಆದರೆ ಗೆರೆಯ ಈಚೆಯದನ್ನು, ಅಂದರೆ ಔಷಧ, ಮನೆ ಇಂಥವನ್ನು ಮಾತ್ರ ರೋಗಿಯಿಂದ ಕೇಳಬಹುದು. ಆಚೆಯದನ್ನು, ಅಂದರೆ ರಸ್ತೆಯ ಗಾಳಿಯನ್ನು, ಯಾವ ತಾಯಿಯೂ ತನ್ನ ಮಗುವಿಗಾಗಿ ನಿರ್ವಹಿಸಲಾರಳು. ನಮ್ಮಲ್ಲಿ ಆಗಿರುವುದೇನೆಂದರೆ ಎರಡನ್ನೂ ರೋಗಿಯ ತಲೆಗೇ ಕಟ್ಟಿದ್ದೇವೆ, ಒಂದನ್ನೂ ನೆಟ್ಟಗೆ ಕಲಿಸಿಲ್ಲ.

ಪರಮೇಶ್ ಅವರದೇ ಇನ್ನೊಂದು ಲೆಕ್ಕ ಪತ್ರಿಕೆಗಳಲ್ಲಿ ಹೆಚ್ಚು ಬಂದಿದೆ. ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ 9 ಶೇಕಡಾ ಇದ್ದದ್ದು 1984ರಲ್ಲಿ 10.5, 1989ರಲ್ಲಿ 18.5, 1994ರಲ್ಲಿ 24.5, 1999ರಲ್ಲಿ 29.5 ಆಯಿತು. ಇದನ್ನೇ ‘ಬೆಂಗಳೂರಿನ ಮೂವತ್ತು ಶೇಕಡಾ ಮಕ್ಕಳಿಗೆ ಅಸ್ತಮಾ’ ಎಂದು ಬರೆದವರಿದ್ದಾರೆ. ಹಾಗಲ್ಲ. ಇದು ಆಸ್ಪತ್ರೆಯ ಬಾಗಿಲಿಗೆ ಬಂದವರ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ. ಬೆಂಗಳೂರೂ ಸೇರಿದಂತೆ ದೇಶದ ಹಲವು ಕೇಂದ್ರಗಳಲ್ಲಿ ದೊಡ್ಡವರನ್ನು ಮನೆಮನೆಗೆ ಹೋಗಿ ಕೇಳಿದ ಸಮೀಕ್ಷೆಯಲ್ಲಿ ಸಿಕ್ಕ ಪ್ರಮಾಣ ಬರೀ ಎರಡು ಶೇಕಡಾ. ವಯಸ್ಸು ಬೇರೆ, ಪ್ರಶ್ನೆ ಬೇರೆ, ಅಳತೆಯೂ ಬೇರೆ. ಆದರೆ ಒಂದೇ ಆಸ್ಪತ್ರೆ, ಒಂದೇ ಕಣ್ಣು, ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು ಏರಿಕೆ ಕಂಡದ್ದನ್ನು ತಳ್ಳಿಹಾಕುವಂತಿಲ್ಲ. ಆ ಇಪ್ಪತ್ತು ವರ್ಷಗಳಲ್ಲೇ ಈ ಊರು ಪಿಂಚಣಿದಾರರ ಊರು ಎಂಬ ಹೆಸರನ್ನು ಕಳೆದುಕೊಂಡದ್ದು.

ಆ ಹೆಸರು ಬಂದದ್ದೇ ಗಾಳಿಯಿಂದ. ಶ್ರೀರಂಗಪಟ್ಟಣದಲ್ಲಿ ಮಲೇರಿಯಾಕ್ಕೆ ಸಿಪಾಯಿಗಳು ಸಾಯತೊಡಗಿದ್ದರಿಂದ ಬ್ರಿಟಿಷರು 1809ರಲ್ಲಿ ಹಲಸೂರಿನ ಮಗ್ಗುಲಿಗೆ ದಂಡು ತಂದು ಇಳಿಸಿದರು. ಮೂರು ಸಾವಿರ ಅಡಿ ಎತ್ತರ, ತಣ್ಣನೆಯ ಹವಾ. ಆ ಹವೆಯೂ ಎಲ್ಲರಿಗೂ ಸಮನಾಗಿ ಸಿಗಲಿಲ್ಲ ಅನ್ನಿ. ದೊರೆಗಳ ಬಂಗಲೆಗೆ ಎಕರೆಗಟ್ಟಲೆ ಕಾಂಪೌಂಡು. ಅವರಿಗೆ ಅಡುಗೆ ಮಾಡುವವರು, ಕುದುರೆ ನೋಡುವವರು, ಬಟ್ಟೆ ಒಗೆಯುವವರು ಇದ್ದದ್ದು ಬ್ಲ್ಯಾಕ್‌ಪಲ್ಲಿಯ ಸಂದಿಗಳಲ್ಲಿ, ಅಂದರೆ ಇಂದಿನ ಶಿವಾಜಿನಗರದಲ್ಲಿ. 1898ರಲ್ಲಿ ಪ್ಲೇಗ್ ಬಂತು. ಆಗ ಆಡಳಿತ ಏನು ಮಾಡಿತು ಎಂಬುದು ನನಗೆ ಇವತ್ತಿಗೂ ಮುಖ್ಯ ಅನ್ನಿಸುತ್ತದೆ. ಇಕ್ಕಟ್ಟಿನ ಮನೆಗಳನ್ನು ಕೆಡವಿದ ರೀತಿಯಲ್ಲಿ ಕ್ರೌರ್ಯವಿತ್ತು, ಜನರಿಗೆ ಸಿಟ್ಟೂ ಬಂತು. ಆದರೆ ಕೊನೆಗೆ ಅಗಲವಾದ ರಸ್ತೆ, ಬೆಳಕು ಗಾಳಿ, ಇಲಿ ನುಸುಳದಂತೆ ಕಟ್ಟಿದ ಮನೆಗಳ ಹೊಸ ಬಡಾವಣೆಯನ್ನೇ ಎಬ್ಬಿಸಿದರು. 1910ರ ಹೊತ್ತಿಗೆ ಫ್ರೇಜರ್ ಟೌನ್ ತಲೆ ಎತ್ತಿದ್ದು ಹಾಗೆ. ಪ್ಲೇಗನ್ನು ನೀವೇ ಸ್ವಯಂ ನಿರ್ವಹಣೆ ಮಾಡಿಕೊಳ್ಳಿ ಎಂದು ಆಗ ಯಾರೂ ಹೇಳಲಿಲ್ಲ.

ಈಗ ಹಲಸೂರಿನಿಂದ ಕೆ.ಆರ್.ಪುರದವರೆಗೆ ಹಳೇ ಮದ್ರಾಸ್ ರಸ್ತೆ ಹಿಡಿದು ಹೋಗಿ. ಸೋಮೇಶ್ವರ ದೇವಸ್ಥಾನದ ಕಡೆ ಬಿಟ್ಟರೆ ಎಡಕ್ಕೆ ಮರ್ಫಿ ಟೌನ್, ಬಲಕ್ಕೆ ಇಂದಿರಾನಗರ, ಮುಂದೆ ಬೈಯಪ್ಪನಹಳ್ಳಿ, ಟಿನ್ ಫ್ಯಾಕ್ಟರಿ, ತೂಗುಸೇತುವೆ. ಟಿನ್ ಫ್ಯಾಕ್ಟರಿ ಹತ್ತಿರ ಸಂಜೆ ಆರೂವರೆಗೆ ಬಸ್ಸಿಗೆ ಕಾಯುವವರು ಸೀರೆಯ ಸೆರಗನ್ನು, ದುಪಟ್ಟಾವನ್ನು, ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ನಿಂತಿರುತ್ತಾರೆ. ಬಟ್ಟೆ ಕಣ್ಣಿಗೆ ಕಾಣುವ ಧೂಳನ್ನು ತಡೆಯುತ್ತದೆ. ಎದೆಯ ತಳಕ್ಕೆ ಇಳಿಯುವ ಸಣ್ಣ ಕಣ, ಪಿಎಂ 2.5 ಎನ್ನುತ್ತಾರಲ್ಲ, ಅದಕ್ಕೆ ಬಟ್ಟೆ ಲೆಕ್ಕಕ್ಕಿಲ್ಲ. ಡೀಸೆಲ್ ಹೊಗೆಯ ನೈಟ್ರೋಜನ್ ಡೈಆಕ್ಸೈಡ್ ಅಂತೂ ಅನಿಲ. ಅದನ್ನು ಎನ್-95 ಮಾಸ್ಕೂ ತಡೆಯದು. 2010ರ ಹೊತ್ತಿಗೆ ಟೆರಿ ಸಂಸ್ಥೆ ಬೆಂಗಳೂರಿನ ಧೂಳಿನ ಮೂಲವನ್ನು ಲೆಕ್ಕ ಹಾಕಿದಾಗ ಪಿಎಂ 10ರಲ್ಲಿ 42 ಶೇಕಡಾ ವಾಹನಗಳದ್ದು, 20 ಶೇಕಡಾ ರಸ್ತೆಯಿಂದ ಎದ್ದ ಧೂಳು, 14 ಶೇಕಡಾ ಕಟ್ಟಡ ಕಾಮಗಾರಿಯದ್ದು. ಆಮೇಲೆ ಮೆಟ್ರೋ ಬಂತು: 2011ರಲ್ಲಿ ಬೈಯಪ್ಪನಹಳ್ಳಿವರೆಗೆ, 2023ರಲ್ಲಿ ಕೆ.ಆರ್.ಪುರ ದಾಟಿ ವೈಟ್‌ಫೀಲ್ಡ್‌ವರೆಗೆ. ಒಂದು ಕಡೆ ವಾಹನ ಕಡಿಮೆ ಮಾಡುವ ಕೆಲಸ, ಅದೇ ಕೆಲಸಕ್ಕೆ ವರ್ಷಗಟ್ಟಲೆ ಅಗೆದ ಮಣ್ಣು. ಮೆಟ್ರೋ ಬೇಡ ಎನ್ನುತ್ತಿಲ್ಲ. ಅಗೆದ ಮಣ್ಣಿಗೆ ಹಸಿರು ಪರದೆ ಕಟ್ಟಿ, ದಿನಕ್ಕೆರಡು ಸಲ ನೀರು ಚಿಮುಕಿಸಿ ಎನ್ನುತ್ತಿದ್ದೇನೆ, ಅಷ್ಟೇ.

ಹೊಗೆಗೆ ಕಾರ್ಖಾನೆಯೂ ಸೇರಿತ್ತು. ವೈಟ್‌ಫೀಲ್ಡ್ ರಸ್ತೆಯ ಗ್ರಾಫೈಟ್ ಇಂಡಿಯಾ ಕಾರ್ಖಾನೆಯ ಕರಿ ಬಾಲ್ಕನಿಗೆ, ಒಣಹಾಕಿದ ಬಟ್ಟೆಗೆ ಕೂರುತ್ತಿದೆ ಎಂದು ಸುತ್ತಲಿನವರು ವರ್ಷಗಟ್ಟಲೆ ದೂರಿದರು, ಕೋರ್ಟಿಗೂ ಹೋದರು. 2019ರಲ್ಲಿ ಅದು ಮುಚ್ಚಿತು. ಸಿಗ್ನಲ್ಲಿಗೆ ಮಾತ್ರ ಇನ್ನೂ ಅದರದೇ ಹೆಸರು. ಗಾಳಿಯ ವಿಷಯದಲ್ಲಿ ಜನ ಹೋರಾಡಿ ಗೆದ್ದದ್ದು ಅಪರೂಪ. ಇಲ್ಲಿ ಗೆದ್ದವರಲ್ಲಿ ಅಪಾರ್ಟ್‌ಮೆಂಟ್ ಸಂಘಗಳಿದ್ದವು ಎಂಬುದನ್ನೂ ಗಮನಿಸಿ. ಲೆಟರ್‌ಹೆಡ್ ಇರುವವರ ಉಸಿರಿಗೆ ದನಿ ಬೇಗ ಬರುತ್ತದೆ.

ನಮ್ಮ ದೇಶದ ಮಾನದಂಡ 2009ರದ್ದು: ಪಿಎಂ 2.5 ವಾರ್ಷಿಕ ಸರಾಸರಿ ಒಂದು ಘನ ಮೀಟರಿಗೆ 40 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ನೈಟ್ರೋಜನ್ ಡೈಆಕ್ಸೈಡಿಗೆ ನಮ್ಮದು 40, ಅವರದು 10. ಹಾಗಾಗಿ ‘ಬೆಂಗಳೂರಿನ ಗಾಳಿ ಮಿತಿಯೊಳಗಿದೆ’ ಎಂಬ ಸುದ್ದಿ ಓದಿದಾಗ ಯಾರ ಮಿತಿ ಎಂದು ಕೇಳಿ. ದೆಹಲಿಗೆ ಹೋಲಿಸಿ ನೆಮ್ಮದಿ ಪಡುವ ಚಾಳಿಯೊಂದು ನಮಗಿದೆ. ಉಬ್ಬಸದ ಮಗುವಿನ ಶ್ವಾಸನಾಳಕ್ಕೆ ದೆಹಲಿಯ ಸುದ್ದಿ ಮುಟ್ಟಿರುವುದಿಲ್ಲ. ಎಕ್ಯೂಐ ಎಂಬ ಸೂಚ್ಯಂಕವನ್ನೂ ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ಕಣಗಳ ಮಟ್ಟಿಗೆ ಅದು 24 ಗಂಟೆಯ ಸರಾಸರಿ. ಮಧ್ಯರಾತ್ರಿಯ ಖಾಲಿ ರಸ್ತೆ, ಸಂಜೆಯ ಟಿನ್ ಫ್ಯಾಕ್ಟರಿ ಎರಡೂ ಅದರಲ್ಲಿ ಕಲಸಿಹೋಗಿರುತ್ತವೆ. ಶಿವಾಜಿನಗರ ಬಸ್ ನಿಲ್ದಾಣದ ಹೊರಗೆ ಸೌತೆಕಾಯಿ ಮಾರುವವರು ಸರಾಸರಿಯನ್ನು ಉಸಿರಾಡುವುದಿಲ್ಲ.

ಲಂಡನ್ನಿನ ಒಂದು ಪ್ರಕರಣ ಇಲ್ಲಿ ಹೇಳಬೇಕು. ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಹುಡುಗಿ, ಮನೆ ಸೌತ್ ಸರ್ಕ್ಯುಲರ್ ಎಂಬ ಗಿಜಿಗುಡುವ ರಸ್ತೆಯ ಹತ್ತಿರ. ಪದೇಪದೇ ತೀವ್ರ ಅಸ್ತಮಾಕ್ಕೆ ಆಸ್ಪತ್ರೆ ಸೇರಿ 2013ರಲ್ಲಿ ತೀರಿಕೊಂಡಳು. ತಾಯಿ ಬಿಡಲಿಲ್ಲ. 2020ರ ಡಿಸೆಂಬರಿನಲ್ಲಿ ಎರಡನೇ ಬಾರಿ ನಡೆದ ವಿಚಾರಣೆಯ ಕೊನೆಗೆ ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವೂ ಒಂದು ಎಂದು ಅಧಿಕೃತವಾಗಿ ದಾಖಲಾಯಿತು. ನಮ್ಮ ಮರಣ ಪ್ರಮಾಣಪತ್ರಗಳಲ್ಲಿ ‘ಉಸಿರಾಟದ ವೈಫಲ್ಯ’ ಎಂದು ಬರೆದು ಸಹಿ ಹಾಕುತ್ತೇವೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು 13 ಶೇಕಡಾ. ಅಸ್ತಮಾದಿಂದ ಸಾಯುವವರಲ್ಲಿ 40 ಶೇಕಡಾಕ್ಕೂ ಹೆಚ್ಚು. ಗಾಳಿ ಕೆಟ್ಟಿರುವುದೊಂದರಿಂದಲೇ ಇಷ್ಟು ಅಂತರ ಬರುವುದಿಲ್ಲ. ಗೆರೆಯ ಈಚೆಗೆ ಬರೋಣ.

ರಸೆಲ್ ಮಾರುಕಟ್ಟೆಯ ಹತ್ತಿರ ಹೂವು ಮಾರುವ ಒಬ್ಬ ತಾಯಿ ನನ್ನ ಹತ್ತಿರ ಬರುತ್ತಾರೆ. ಪ್ಲಾಸ್ಟಿಕ್ ಕವರಿನಲ್ಲಿ ಚೀಟಿಗಳ ಕಟ್ಟು, ಎಕ್ಸ್‌ರೇ, ಒಂದು ನೀಲಿ ಇನ್‌ಹೇಲರ್. ಅವರು ಅದನ್ನು ಪಂಪು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

‘ಪಂಪು ಹೇಗೆ ತಗೋತೀರಿ, ಒಂದ್ಸಲ ತೋರಿಸಿ ಅಮ್ಮ.’

‘ಅದೇನು ತೋರ್ಸೋದು ಸಾರ್, ದಿನಾ ತಗೊಳ್ಳೋದೇ ಅಲ್ವಾ.’

ತೋರಿಸಿದರು. ಅಲ್ಲಾಡಿಸಲಿಲ್ಲ. ಉಸಿರು ಹೊರಗೆ ಬಿಡಲಿಲ್ಲ. ಬಾಯಿ ತೆರೆದು ಟುಸ್ ಎಂದು ಒತ್ತಿ ಬಾಯಿ ಮುಚ್ಚಿಕೊಂಡರು. ತುಟಿಯ ಸಂದಿಯಿಂದ ಬೆಳ್ಳಗೆ ಹೊಗೆಯಂತೆ ಔಷಧ ಹೊರಗೆ ಬಂತು. ಎರಡನೇ ಸಲ ಒತ್ತಿದ್ದು ನಾಲಿಗೆ ಮೇಲೆ ಬಿತ್ತು. ‘ಕಹಿ’ ಎಂದು ಮುಖ ಕಿವುಚಿ ನೀರು ಕುಡಿದರು. ದುಡ್ಡು ಕೊಟ್ಟ ಔಷಧ, ಎದೆಗೆ ಹೋದದ್ದು ಇಷ್ಟೇ ಇಷ್ಟು. ಎಷ್ಟೋ ಸಲ ಇಂಥವರಿಗೆ ‘ಈ ಪಂಪು ನಿಮಗೆ ಹಿಡಿಯುತ್ತಿಲ್ಲ’ ಎಂದು ಇನ್ನೂ ದುಬಾರಿಯ ಇನ್ನೊಂದು ಪಂಪು ಬರೆದುಕೊಡುತ್ತಾರೆ. ಒಬ್ಬ ಆಟೋ ಚಾಲಕರು ಬಂದಿದ್ದರು, ಯಂತ್ರದಲ್ಲಿಟ್ಟು ಎಳೆಯಬೇಕಾದ ರೋಟಾಕ್ಯಾಪನ್ನು ಊಟವಾದ ಮೇಲೆ ನೀರಿನ ಜೊತೆ ನುಂಗುತ್ತಿದ್ದರು. ನೋಡಲು ಕ್ಯಾಪ್ಸೂಲಿನಂತೆಯೇ ಇದೆ, ನುಂಗಿದರು. ಅವರ ತಪ್ಪೇನು? ಮೆಡಿಕಲ್ ಸ್ಟೋರಿನ ಹುಡುಗನಿಗೆ ಹೇಳಿಕೊಡಲು ಪುರುಸೊತ್ತಿಲ್ಲ, ವೈದ್ಯರ ಬಾಗಿಲಲ್ಲಿ ಅರವತ್ತು ಜನ.

ಎರಡು ಪಂಪುಗಳ ವ್ಯತ್ಯಾಸ ಹೇಳಿಬಿಡುತ್ತೇನೆ. ಇವತ್ತು ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ಚಿಂತೆಯಿಲ್ಲ. ಒಂದು ಸಾಲ್ಬುಟಮಾಲ್, ಸಾಮಾನ್ಯವಾಗಿ ನೀಲಿ. ಬಿಗಿದುಕೊಂಡ ಶ್ವಾಸನಾಳವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ನಾಲ್ಕೈದು ಗಂಟೆ ಆರಾಮ. ಇನ್ನೊಂದು ಬ್ಯುಡೆಸೊನೈಡ್‌ನಂಥ ಸ್ಟೀರಾಯ್ಡ್ ಪಂಪು. ನಾಳದ ಒಳಗಿನ ಊತವನ್ನು ದಿನದಿನವೂ ಕಡಿಮೆ ಮಾಡುತ್ತದೆ, ಆದರೆ ತಗೊಂಡ ಕೂಡಲೇ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಜನ ಮೊದಲನೆಯದನ್ನು ನಂಬುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಬರೀ ನೀಲಿ ಪಂಪನ್ನೇ ಒತ್ತುತ್ತಾ ಹೋಗುವುದೆಂದರೆ ಸೋರುವ ಗೋಡೆಗೆ ಪ್ರತಿ ಮಳೆಗಾಲ ಸುಣ್ಣ ಬಳಿದಂತೆ. 2019ರಿಂದ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ ‘ಜಿನಾ’ ಕೂಡ ದೊಡ್ಡವರಿಗೆ, ಹದಿಹರೆಯದವರಿಗೆ ಬರೀ ನೀಲಿ ಪಂಪಿನ ಚಿಕಿತ್ಸೆ ಬೇಡ, ಸ್ಟೀರಾಯ್ಡ್ ಇರುವ ಪಂಪು ಜೊತೆಗಿರಲೇಬೇಕು ಎನ್ನುತ್ತಿದೆ.

ಸ್ಟೀರಾಯ್ಡ್ ಎಂದ ಕೂಡಲೇ ಭಯ. ‘ಅಭ್ಯಾಸ ಆಗಿಬಿಡತ್ತೆ’, ‘ಹುಡುಗಿಗೆ ಗಂಡು ನೋಡ್ತಾ ಇದ್ದೀವಿ, ಪಂಪು ಬೇಡ ಸಾರ್, ಮಾತ್ರೆ ಕೊಡಿ’. ಅದೇ ಜನ ಉಬ್ಬಸ ಜೋರಾದಾಗ ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಡೆರಿಫಿಲಿನ್ ಇಂಜೆಕ್ಷನ್ನು ಹಾಕಿಸಿಕೊಂಡು, ಜೊತೆಗೆ ಕೊಟ್ಟ ಸಣ್ಣ ಬಿಳಿ ಮಾತ್ರೆ ನುಂಗುತ್ತಾರೆ. ಆ ಮಾತ್ರೆಯೂ ಸ್ಟೀರಾಯ್ಡೇ. ಪಂಪಿನ ಒಂದು ಒತ್ತಿನಲ್ಲಿ 200 ಮೈಕ್ರೋಗ್ರಾಂ ಇದ್ದರೆ, 5 ಮಿಲಿಗ್ರಾಂನ ಒಂದು ಪ್ರೆಡ್ನಿಸೊಲೋನ್ ಮಾತ್ರೆಯಲ್ಲಿ ಅದರ ಇಪ್ಪತ್ತೈದು ಪಟ್ಟು ತೂಕ. ಎರಡರ ಶಕ್ತಿ ಒಂದೇ ಅಲ್ಲ, ಇದು ತೂಕದ ಲೆಕ್ಕ ಮಾತ್ರ. ಆದರೆ ಮಾತ್ರೆ ಇಡೀ ಮೈಗೆ ಹೋಗುತ್ತದೆ, ಪಂಪು ಹೆಚ್ಚಾಗಿ ಎದೆಯಲ್ಲೇ ಉಳಿಯುತ್ತದೆ. ಸ್ಟೀರಾಯ್ಡ್ ಪಂಪಿನ ನಂತರ ಬಾಯಿ ಮುಕ್ಕಳಿಸಿದರೆ ಆಯಿತು.

ಇನ್ನು ಆ ಹೂವಿನ ತಾಯಿಗೆ ಏನು ಮಾಡಿದೆವು? ಸ್ಪೇಸರ್ ಎಂಬ ಡಬ್ಬಿ ಇದ್ದರೆ ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ತಾಳಮೇಳ ಬೇಕಿಲ್ಲ. ಕೊಳ್ಳಲಾಗದಿದ್ದರೆ 500 ಮಿಲಿಲೀಟರಿನ ನೀರಿನ ಬಾಟಲಿ. ಇದು ನನ್ನ ಕೈಚಳಕವಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹೆದರ್ ಜಾರ್ ಎಂಬ ಮಕ್ಕಳ ವೈದ್ಯೆ ಮತ್ತು ಸಂಗಡಿಗರು ಪರೀಕ್ಷಿಸಿ 1999ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದದ್ದು. ತೀವ್ರ ಉಬ್ಬಸದ ಮಕ್ಕಳಲ್ಲಿ, ಪಂಪು ಬಿಗಿಯಾಗಿ ಕೂರುವಂತೆ ಮಾಡಿದ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು. ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಅಚ್ಚುಕಟ್ಟಾಗಿ ಕೂರುವಷ್ಟೇ ತೂತು ಮಾಡಬೇಕು. ಕಾಯಿಸಿದ ತಂತಿಯನ್ನು ಆ ಆಕಾರಕ್ಕೆ ಬಗ್ಗಿಸಿ ಒತ್ತಿದರೆ ಸುಲಭ. ಸುತ್ತ ಗಾಳಿ ಸೋರದಂತೆ ಟೇಪು. ಬಾಟಲಿಯ ಬಾಯನ್ನು ತುಟಿಯಿಂದ ಮುಚ್ಚಿ, ಪಂಪನ್ನು ಅಲ್ಲಾಡಿಸಿ ಒಂದು ಒತ್ತು, ನಿಧಾನವಾಗಿ ಐದಾರು ಉಸಿರು. ಆಮೇಲೆ ಇನ್ನೊಂದು ಒತ್ತು. ಅವರು ಅದನ್ನು ಹೂವಿನ ಬುಟ್ಟಿಯಲ್ಲೇ ಇಟ್ಟುಕೊಂಡಿದ್ದಾರೆ. ಯಾರೋ ಕಸ ಎಂದು ಎಸೆದದ್ದಕ್ಕೆ ಜಗಳವಾಡಿ ಹೊಸದು ಮಾಡಿಸಿಕೊಂಡು ಹೋದರು.

ಮನೆಯೊಳಗಿನದು ಇನ್ನೊಂದು ಅಧ್ಯಾಯ. ಒಂದೇ ಕೋಣೆ, ಒಂದೇ ಕಿಟಕಿ, ಅದು ತೆರೆದರೆ ಚರಂಡಿ. ಸೊಳ್ಳೆಗೆಂದು ಬತ್ತಿ ಹಚ್ಚಿ ಬಾಗಿಲು ಹಾಕಿ ಮಲಗುವುದು. ಶುಕ್ರವಾರ ಸಾಂಬ್ರಾಣಿ. ಗೋಡೆಯಲ್ಲಿ ತೇವ, ಹಾಸಿಗೆಯಲ್ಲಿ ಹಳೆ ಹತ್ತಿ, ಗ್ಯಾಸ್ ಸ್ಟೌವಿನ ಹಿಂದೆ ಜಿರಳೆ. ಜಿರಳೆಯ ಪುಡಿ, ಹಾಸಿಗೆಯ ಧೂಳಿನ ಹುಳು ಎರಡೂ ಅಸ್ತಮಾಕ್ಕೆ ಗೊತ್ತಿರುವ ಕಾರಣಗಳೇ. ಸೊಳ್ಳೆ ಬತ್ತಿಯ ಬದಲು ಸೊಳ್ಳೆ ಪರದೆ, ಹಾಸಿಗೆಗೆ ಬಿಸಿಲು, ಚಾದರಕ್ಕೆ ಬಿಸಿನೀರು: ಇಷ್ಟು ಹೇಳುತ್ತೇವೆ. ಚರಂಡಿ ಕಡೆಯ ಕಿಟಕಿಯ ಬಗ್ಗೆ ಏನು ಹೇಳುವುದು? ಖಾಲಿ ಸೈಟುಗಳಲ್ಲಿ ಬೆಳೆದು ಉಬ್ಬಸ ಕೆರಳಿಸುವ ಪಾರ್ಥೇನಿಯಂ ಕೂಡ ಹಾಗೇ. ಅದನ್ನು ತಿನ್ನಲು ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಇದೇ ಬೆಂಗಳೂರಿನಲ್ಲಿ ಬಿಟ್ಟರು. ಜೀರುಂಡೆ ತಿನ್ನುತ್ತಲೇ ಇದೆ, ಗಿಡ ಹುಟ್ಟುತ್ತಲೇ ಇದೆ.

ರೋಗಿಯ ಕೈಗೆ ಕೊಡಬೇಕಾದದ್ದು ಒಂದು ಚೀಟಿ. ಊದಿ ನೋಡುವ ಪೀಕ್ ಫ್ಲೋ ಮೀಟರ್ ಇದ್ದರೆ ಅವರವರ ಅತ್ಯುತ್ತಮ ಅಳತೆಯ 80 ಶೇಕಡಾಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, 50ಕ್ಕಿಂತ ಕೆಳಗೆ ಕೆಂಪು. ಮೀಟರ್ ಇಲ್ಲದ ಮನೆಯಲ್ಲಿ ಪ್ರಶ್ನೆಗಳೇ ಮೀಟರು. ರಾತ್ರಿ ಕೆಮ್ಮಿ ಎದ್ದಿರಾ? ವಾರದಲ್ಲಿ ಎರಡಕ್ಕಿಂತ ಹೆಚ್ಚು ದಿನ ನೀಲಿ ಪಂಪು ಬೇಕಾಯಿತಾ? ಹಾಗಾದರೆ ಹಳದಿ, ಚೀಟಿಯಲ್ಲಿ ಬರೆದ ಹಾಗೆ ಔಷಧ ಹೆಚ್ಚಿಸಿ, ವೈದ್ಯರನ್ನು ಕಾಣಿ. ಒಂದು ವಾಕ್ಯ ಪೂರ್ತಿ ಹೇಳಲಾಗುತ್ತಿಲ್ಲವೇ, ಮಗುವಿನ ಪಕ್ಕೆಲುಬಿನ ಸಂದಿ ಒಳಕ್ಕೆ ಸೆಳೆಯುತ್ತಿದೆಯೇ, ತುಟಿ ನೀಲಿಯಾಗಿದೆಯೇ? ಕೆಂಪು. ಸ್ಪೇಸರಿನಲ್ಲಿ ನೀಲಿ ಪಂಪು ಕೊಡುತ್ತಲೇ ಬೌರಿಂಗ್ ಆಸ್ಪತ್ರೆಗೋ, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗೋ, ಕೆ.ಆರ್.ಪುರದ ಸರ್ಕಾರಿ ಆಸ್ಪತ್ರೆಗೋ ಹೊರಡಿ. 108ಕ್ಕೆ ಕರೆ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ. ಈ ಚೀಟಿ ಕನ್ನಡ, ತಮಿಳು, ಉರ್ದು ಮೂರರಲ್ಲೂ ಇರಬೇಕು. ಶಿವಾಜಿನಗರದಲ್ಲಿ ಒಂದೇ ಭಾಷೆಯ ಚೀಟಿ ಅಂದರೆ ಅರ್ಧ ಚೀಟಿ.

ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಜೀವಂತ ಮೀನಿನ ಮರಿ ನುಂಗಲು ಹೈದರಾಬಾದಿಗೆ ರೈಲು ಹತ್ತುವವರನ್ನು ನಾನು ಬೈಯುವುದಿಲ್ಲ. ಅದರಿಂದ ಅಸ್ತಮಾ ವಾಸಿಯಾಗುವುದಕ್ಕೆ ಆಧಾರವಿಲ್ಲ ಎಂದು ಹೇಳುತ್ತೇನೆ, ಪಂಪು ಬಿಡಬೇಡಿ ಎನ್ನುತ್ತೇನೆ. ಆದರೆ ಅಲ್ಲಿ ಔಷಧ ಪುಕ್ಕಟೆ, ಪಕ್ಕದವರಿಗೂ ಅದೇ ಕಾಯಿಲೆ, ಯಾರೂ ನಾಚುವುದಿಲ್ಲ. ನಮ್ಮ ಹೊರರೋಗಿ ವಿಭಾಗದಲ್ಲಿ ಈ ಮೂರರಲ್ಲಿ ಎಷ್ಟಿವೆ? ಬಿ.ಪಿ., ಸಕ್ಕರೆ ಮಾತ್ರೆ ತಿಂಗಳು ತಿಂಗಳು ಸರ್ಕಾರಿ ಕೌಂಟರಿನಲ್ಲಿ ಸಿಗಬೇಕು ಎಂದು ಜನ ಕೇಳಲು ಕಲಿತಿದ್ದಾರೆ. ಸ್ಟೀರಾಯ್ಡ್ ಪಂಪನ್ನೂ ಹಾಗೇ ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದಿದೆ. ‘ನಮ್ಮ ಕ್ಲಿನಿಕ್’ಗಳ ಕಪಾಟಿನಲ್ಲೂ ಅದು ಎಂದೂ ಖಾಲಿಯಾಗಬಾರದು.

ಗೆರೆಯ ಆಚೆಯದು ಪಾಲಿಕೆಯ ಪಾಲು. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆ. ಶಿವಾಜಿನಗರ ಕೇಂದ್ರದ್ದು, ಕೆ.ಆರ್.ಪುರ ಪೂರ್ವದ್ದು. ಹಳೇ ಮದ್ರಾಸ್ ರಸ್ತೆಯ ಧೂಳು ಎಲ್ಲಿ ಒಬ್ಬರದು ಮುಗಿದು ಇನ್ನೊಬ್ಬರದು ಶುರುವಾಗುತ್ತದೆ ಎಂಬ ತಕರಾರು ಏಳುವ ಮೊದಲೇ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಬೇಕು: ಈ ರಸ್ತೆಯ ಬದಿಯ ಶಾಲೆಗಳ ಗೇಟಿನ ಮುಂದೆ ಗಾಳಿ ಅಳೆದಿದ್ದೀರಾ? ಪರಮೇಶ್ ಅವರು ಶಾಲೆಗಳಿಗೆ ಹೋದದ್ದು ಒಬ್ಬ ವೈದ್ಯರ ಆಸಕ್ತಿಯಿಂದ. ಅದೇ ಸಮೀಕ್ಷೆಯನ್ನು ಈಗ ಮತ್ತೆ ಮಾಡಲು ಪಾಲಿಕೆಗೆ ದೊಡ್ಡ ಬಜೆಟ್ಟೇನೂ ಬೇಕಿಲ್ಲ. ಶಾಲೆಯವರಿಗೂ ಒಂದು ಮಾತು. ಯಾವ ಮಗುವಿಗೆ ಉಬ್ಬಸ ಇದೆ, ಅದರ ಪಂಪು ಬ್ಯಾಗಿನ ಯಾವ ಜೇಬಿನಲ್ಲಿದೆ ಎಂದು ತರಗತಿಯ ಟೀಚರಿಗೆ ಗೊತ್ತಿರಲಿ. ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಟ್ಟ ಪಂಪು ಯಾರಿಗೂ ಒದಗುವುದಿಲ್ಲ.

ಚಳಿಗಾಲದ ಬೆಳಗ್ಗೆ ಹಲಸೂರು ಕೆರೆಯ ಸುತ್ತ ವಾಕಿಂಗ್ ಹೋಗುವ ಉಬ್ಬಸದ ಹಿರಿಯರು ಐದೂವರೆಯ ಬದಲು ಬಿಸಿಲೇರಿದ ಮೇಲೆ ಹೊರಡಿ. ನವೆಂಬರಿನಿಂದ ಫೆಬ್ರವರಿವರೆಗೆ ನಸುಕಿನ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆಯನ್ನೂ ಕೆಳಗೇ ಹಿಡಿದಿಟ್ಟಿರುತ್ತದೆ.

ನನ್ನ ಮಾತು ಇಷ್ಟೇ. ವಂದನಾರ್ಪಣೆ ಆದ ಮೇಲೆ ಕಾಫಿ ಇದೆಯಂತೆ. ಹಿಂದಿನ ಮೇಜಿನ ಹತ್ತಿರ ನಾನೂ, ಇಬ್ಬರು ನರ್ಸಮ್ಮಂದಿರೂ ಇರುತ್ತೇವೆ, ಖಾಲಿ ಬಾಟಲಿ, ತಂತಿ, ಟೇಪು ತಂದಿದ್ದೇವೆ. ಬ್ಯಾಗಿನಲ್ಲಿ ಪಂಪು ಇರುವವರು ಸಂಕೋಚಪಡದೆ ಬನ್ನಿ. ಹೇಗೆ ತಗೋತೀರಿ ಒಮ್ಮೆ ತೋರಿಸಿ ಹೋಗಿ.